ಪ್ರಶ್ನೆ ಕೇಳಿ ಕಾಯುತ್ತಿದ್ದವಳು

ಪ್ರಶ್ನೆ ಕೇಳಿದ ಮೇಲೆ ಚಂದನ ಕಾಯುತ್ತಿದ್ದಳು. ನಾವೆಲ್ಲ ಕೇಳಿದ ಪ್ರಶ್ನೆಗೆ ನಾವೇ ಅವಸರದಿಂದ ಉತ್ತರ ಹೇಳಿಬಿಡುವವರು. ಅವಳು ಮಾತ್ರ ಕೈಗಳನ್ನು ಹಿಂದಕ್ಕೆ ಕಟ್ಟಿ, ತಲೆಯನ್ನು ತುಸು ವಾಲಿಸಿ, ಎದುರಿನವರ ಮುಖದಲ್ಲಿ ಯೋಚನೆ ಮೂಡುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಆ ಮೌನದ ಎದುರು ಎಂಥವರಿಗೂ ತಮ್ಮ ಮಾತಿಗೆ ಬೆಲೆಯಿದೆ ಎನ್ನಿಸುತ್ತಿತ್ತು.

ಕಳೆದ ಆಷಾಢದಲ್ಲಿ ಜ್ವರ ಬಂದು ಅವಳು ಹೋಗಿಬಿಟ್ಟಳು. ವೇಮಗಲ್ಲಿನ ಶಾಲೆಯೊಂದರಲ್ಲಿ ಇತಿಹಾಸ ಹೇಳುತ್ತಿದ್ದಳು. ಬರೆಯಲು ಕುಳಿತರೆ ನನಗೆ ಕಾಣುವುದು ಮಾತ್ರ ಕೋಲಾರದಲ್ಲಿ ನನ್ನ ಜೊತೆ ಬಿ.ಎ., ಆಮೇಲೆ ಬಿ.ಎಡ್. ಓದುತ್ತಿದ್ದ ಚಂದನ: ಸೀಮೆಸುಣ್ಣದ ತುಂಡುಗಳಿಂದ ಜೇಬು ಜೋತುಬಿದ್ದ ಕಂದು ಸ್ವೆಟರ್, ಗಂಡಸರಂಥ ಉದ್ದ ಹೆಜ್ಜೆ, ದಾರಿಬದಿಯಲ್ಲಿ ಹಳೆಯ ಕಲ್ಲೊಂದು ಕಂಡರೆ ಸಾಕು, ಹಠಾತ್ತನೆ ನಿಂತುಬಿಡುವ ಕಾಲು. ಮುಳಬಾಗಿಲಿನ ಬಸ್ಸಿಗೆ ತಡವಾಗುತ್ತಿದ್ದರೂ ಅರಿಶಿನ ಬಳಿದ ವೀರಗಲ್ಲಿನ ಮುಂದೆ ಕುಕ್ಕರಿಸಿ, "ಯಾರಪ್ಪಾ ನೀನು? ಯಾರ ದನ ಉಳ್ಸಕ್ಕೆ ಹೋಗಿ ಸತ್ತೆ?" ಎಂದು ಕೇಳುವಳು, ಅಲ್ಲಿಯೂ ಕಾಯುವಳು. ಬಸ್ಸು ಹೋಯಿತೆಂದು ನಾನು ರೇಗಿದರೆ, "ಇವ್ನು ಸಾವಿರ ವರ್ಷದಿಂದ ನಿಂತವ್ನೆ ಕಣೇ, ನಿಂಗೆ ಇನ್ನೊಂದು ಬಸ್ಸಿಗೆ ನಿಲ್ಲಕ್ಕಾಗಲ್ವಾ?"

ಬಿ.ಎಡ್.ನವರಲ್ಲಿ ಒಂದು ರೂಢಿಯಿತ್ತು. ಹೊರಗಿನ ಪರೀಕ್ಷಕರ ಎದುರು ಮಾಡಿ ಅಂಕ ಪಡೆಯಬೇಕಾದ ಅಂತಿಮ ಪಾಠಕ್ಕೆ ಮುಂಚೆಯೇ ಮಕ್ಕಳಿಗೆ ಗುಟ್ಟಾಗಿ ಹೇಳಿಟ್ಟಿರುತ್ತಿದ್ದೆವು: ಉತ್ತರ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ. ನಾವು ಉತ್ತರ ಕೇಳುವುದು ಬಲಗೈಯವರನ್ನಷ್ಟೇ; ಹಿಂದಿನ ಬೆಂಚಿನಲ್ಲಿ ಕುಳಿತ ಪರೀಕ್ಷಕರಿಗೆ ಕಾಣುವುದು ಮೇಲೆದ್ದ ಕೈಗಳ ತೋಪು. ಚಂದನ ಇದಕ್ಕೆ ಒಪ್ಪಲಿಲ್ಲ. ನಪಾಸಾದರೆ ಓದು ಸಾಕು, ಮದುವೆ ಎಂದು ಅವಳ ತಾಯಿ ವೆಂಕಟರತ್ನಮ್ಮ ಖಡಾಖಂಡಿತವಾಗಿ ಹೇಳಿದ್ದು ನಮಗೆಲ್ಲ ಗೊತ್ತಿತ್ತು.

"ದೊಡ್ಡ ಸತ್ಯವಂತೆ ಥರ ಆಡ್ಬೇಡ," ಎಂದ ಸಹಪಾಠಿ ಭೀಮರಾಜ್. "ಕೈ ಎತ್ತಿಸು, ಮಾರ್ಕ್ಸ್ ಇಸ್ಕೋ. ಇಲ್ದಿದ್ರೆ ನಿನ್ ಮದ್ವೆ ಊಟಕ್ಕೆ ಬರ್ತೀನಿ ನೋಡು."

"ಬಾರೋ, ನಾನೇ ಬಡಿಸ್ತೀನಿ. ಗೊತ್ತಿಲ್ದಿರೋದನ್ನ ಬಚ್ಚಿಡೋದು ಮಾತ್ರ ಮಕ್ಕಳಿಗೆ ಹೇಳ್ಕೊಡಲ್ಲ."

ಶ್ರೀನಿವಾಸಪುರದ ಪ್ರೌಢಶಾಲೆಯೊಂದರಲ್ಲಿ ಅವಳ ಪಾಠ. ಕೋಲಾರದಲ್ಲಿದ್ದ ಗಂಗರು ರಾಜಧಾನಿಯನ್ನು ತಲಕಾಡಿಗೆ ಏಕೆ ಒಯ್ದರು ಎಂದು ಕೇಳಿ, ಕೈ ಕಟ್ಟಿ ನಿಂತಳು. ಒಂದು ಕೈಯೂ ಏಳಲಿಲ್ಲ. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಅವಳ ನೆರವಿಗೆಂದು ಭೂಪಟ ಹಿಡಿದು ಕಿಟಕಿಯ ಬಳಿ ನಿಂತಿದ್ದ ನನಗೆ ಏನಾದರೊಂದು ಉತ್ತರ ಕೂಗಿಬಿಡೋಣ ಎನ್ನಿಸಿತು. ಅವಳು ಕದಲಲಿಲ್ಲ.

ಕೊನೆಗೆ ಮೂಲೆಯಿಂದ ಹುಡುಗಿಯೊಬ್ಬಳು ಎದ್ದಳು. "ನೀರಿಗೆ ಇರ್ಬೇಕು ಮಿಸ್. ಅಲ್ಲಿ ಹೊಳೆ ಐತಲ್ಲ."

"ಹೋಗೇ, ಆವಾಗ ನಮ್ಮ ಕೆರೆಗಳೆಲ್ಲ ತುಂಬಿರ್ತಿದ್ವು," ಎಂದ ಹುಡುಗನೊಬ್ಬ. "ಯಾರೋ ಓಡ್ಸಿರ್ತಾರೆ."

"ನೀನ್ ನೋಡಿದ್ಯಾ?"

"ನೀನ್ ನೋಡಿದ್ಯಾ?"

"ಇಬ್ರೂ ನೋಡಿಲ್ಲ, ನಾನೂ ನೋಡಿಲ್ಲ," ಎಂದಳು ಚಂದನ. "ಮತ್ತೆ ತಿಳ್ಕೊಳ್ಳೋದು ಹೆಂಗೆ?"

ತರಗತಿ ಹೊತ್ತಿಕೊಂಡಿತು. ಶಾಸನ, ನಾಣ್ಯ, ಅಜ್ಜಿ ಹೇಳಿದ ಕಥೆ, ಇವುಗಳಲ್ಲಿ ಯಾವುದನ್ನು ನಂಬಬೇಕೆಂದು ಮಕ್ಕಳು ಬೆಂಚಿನಿಂದ ಬೆಂಚಿಗೆ ಜಗಳವಾಡುತ್ತಿರುವಾಗಲೇ ಗಂಟೆ ಹೊಡೆಯಿತು. ಬರೆದುಕೊಂಡು ಬಂದಿದ್ದ ಪಾಠದಲ್ಲಿ ಅರ್ಧವೂ ಆಗಿರಲಿಲ್ಲ.

"ಪಾಠ ಮುಗೀಲಿಲ್ವಲ್ಲಮ್ಮ," ಎಂದರು ಪರೀಕ್ಷಕರು.

"ಹೌದು ಸರ್. ನಾಳೆ ಬಂದು ಮುಗಿಸ್ತೀನಿ."

ಅವರಿಗೆ ನಗು ಬಂತು. "ನಾಳೆ ನಾನಿರಲ್ಲ."

"ಮಕ್ಕಳು ಇರ್ತಾರಲ್ಲ ಸರ್."

ಮರುದಿನ ನಾವೆಲ್ಲ ಪರೀಕ್ಷೆ ಮುಗಿದ ಸಂಭ್ರಮಕ್ಕೆ ಸಿನಿಮಾ ನೋಡಲು ಹೋದೆವು. ಅವಳು ಪಾಸೋ ಫೇಲೋ ತಿಳಿಯದೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಶ್ರೀನಿವಾಸಪುರದ ಬಸ್ಸು ಹತ್ತಿ, ಅಂಕ ಕೊಡುವವರಾರೂ ಇಲ್ಲದ ಆ ಕೋಣೆಗೆ ಹೋಗಿ ಪಾಠ ಮುಗಿಸಿ ಬಂದಳು. ಏನು ಹೇಳಿದೆ ಎಂದು ಕೇಳಿದೆ. "ಗಂಗರು ಯಾಕೆ ಹೋದ್ರು ಅಂತ ಇನ್ನೂ ಖಚಿತವಾಗಿ ಗೊತ್ತಿಲ್ಲ ಅಂದೆ. ಮಕ್ಕಳು ಬೆಂಚು ಕುಟ್ಟಿ ಖುಷಿಪಟ್ವು ಕಣೇ!" ಫಲಿತಾಂಶ ಬಂದಾಗ ನಮ್ಮೆಲ್ಲರಿಗಿಂತ ಕಡಿಮೆ ಅಂಕ ಅವಳಿಗೇ. ತೇರ್ಗಡೆಗೆ ಸಾಕಾಗುವಷ್ಟಿತ್ತು.

ಆಗ ನನಗದು ಹಠವಾಗಿ ಕಂಡಿತ್ತು. ತಮಗೆ ಕೊಡುವವರ ಕಡೆ ನೋಡದೆ, ತಮ್ಮಿಂದ ಪಡೆಯಬೇಕಾದವರ ಕಡೆಗಷ್ಟೇ ಮುಖಮಾಡಿ ಬದುಕುವವರು ಕೆಲವರಿರುತ್ತಾರೆ. ಜೊತೆಗಿದ್ದಾಗ ಅವರು ಅಳತೆಗೆ ಸಿಗುವುದಿಲ್ಲ. ಅಂಥವರು ತೀರಿಕೊಂಡಾಗ ಸಂತಾಪದ ಭಾಷಣ ಮಾಡುವವರಿಗೆ ಹೇಳಲು ಹೆಚ್ಚೇನೂ ಇರುವುದಿಲ್ಲ. ಆದರೆ ಮನೆಯ ಬಾಗಿಲಲ್ಲಿ ನಮಗೆ ಹೆಸರು ಗೊತ್ತಿಲ್ಲದ ಹುಡುಗ ಹುಡುಗಿಯರು ಬಂದು ನಿಂತಿರುತ್ತಾರೆ. ಹತ್ತಿರದವರೆಂದುಕೊಂಡಿದ್ದ ನಾವು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡಬೇಕಾಗುತ್ತದೆ.