ಸುತ್ತು ಬಿಚ್ಚಿದ ಕೀಲಿ

ಲಕ್ವ ಹೊಡೆದು ಮಾತು ನಿಂತ ಮೇಲೆ ಕಸ್ತೂರಿಬಾಯಿ ಕೇಳುತ್ತಿದ್ದುದು ಒಂದೇ. ಸೊಂಟದ ದಾರದಲ್ಲಿದ್ದ ಕಬ್ಬಿಣದ ಕೀಲಿಯನ್ನು ಮಗ ವೈಜನಾಥನ ಕೈಗಿಟ್ಟು, ಕೊರಳಿನ ಲಿಂಗ ಕಟ್ಟಿದ ಬಟ್ಟೆಯನ್ನು ಮುಟ್ಟಿ ತೋರಿಸುತ್ತಿದ್ದರು. ಅದು ಯಾವುದರ ಕೀಲಿ ಎಂದು ಅವನಿಗಾಗಲಿ, ತಂಗಿ ಸಂಗಮ್ಮನಿಗಾಗಲಿ ಗೊತ್ತಿರಲಿಲ್ಲ. ಅದಕ್ಕೆ ಹಲ್ಲುಗಳಿರಲಿಲ್ಲ. ಒಂದು ತುದಿಯಲ್ಲಿ ಕಿವಿಯಿದ್ದ ಬೆರಳುದ್ದದ ಸರಳಿಗೆ ತಂತಿ ಸುತ್ತಿ ಬೆಸುಗೆ ಹಾಕಲಾಗಿತ್ತು.

ವೈಜನಾಥ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕೀಲಿಯನ್ನು ಜೊತೆಗಾರ ತ್ಯಾಗರಾಜನಿಗೆ ತೋರಿಸಿದ. ಮುರಿದ ಕೀಲಿಗೆ ಯಾರೋ ತಂತಿ ಸುತ್ತಿದ್ದಾರೆ, ತೆಗೆದರೆ ಅಸಲು ಆಕಾರ ಕಾಣುತ್ತದೆ ಎಂದು ಅವನು ಹೇಳಿದ. ಯಾವ ಭಾಗವನ್ನೂ ಶುಚಿ ಮಾಡದೆ ಅಳೆಯುವ ರೂಢಿ ಇಬ್ಬರಿಗೂ ಇರಲಿಲ್ಲ. ಕಾಯಿಸಿ ತಂತಿ ಬಿಡಿಸಿದರು, ಅರದಿಂದ ಉಜ್ಜಿ ನುಣುಪು ಮಾಡಿದರು. ಒಳಗಿದ್ದದ್ದು ಬರೀ ಸರಳು.

"ಇದು ಕೀಲಿ ಅಲ್ಲ ಕಣಯ್ಯ, ಕಿವಿ ಇರೋ ಮೊಳೆ," ಎಂದ ತ್ಯಾಗರಾಜ.

ಮನೆಯಲ್ಲಿ ಕಸ್ತೂರಿಬಾಯಿ ಸರಳನ್ನು ಬೆರಳಿನಿಂದ ಸವರಿ ನೋಡಿ, ಗೋಡೆಯ ಕಡೆ ತಿರುಗಿದರು.

ಅಪ್ಪ ಅವ್ವ ಮೊದಲು ಇದ್ದ ಔರಂಗಾಬಾದಿನ ಹಳೆಯ ನೆರೆಯವರನ್ನು ಕೇಳಿ ಬಾ ಎಂದು ಸಂಗಮ್ಮ ಹಟ ಹಿಡಿದಳು. ಅವರಲ್ಲಿ ಉಳಿದಿದ್ದವರು ಬೀದರ್ ಕಡೆಯ ಬಟ್ಟೆ ವ್ಯಾಪಾರಿ ಗುರುಲಿಂಗಪ್ಪ ಒಬ್ಬರೇ. ಅವರು ಸರಳನ್ನು ನೋಡಿ, ಒಳಗಿನಿಂದ ಚಿಕ್ಕ ಪೆಟ್ಟಿಗೆಯೊಂದನ್ನು ತಂದರು. ಅದಕ್ಕೆ ದುಂಡಗಿನ ಹಿತ್ತಾಳೆಯ ತಿರುಪಿನ ಬೀಗ, ಕೀಲಿಯನ್ನು ಸ್ಕ್ರೂನಂತೆ ತಿರುಗಿಸಿ ಒಳಗಿಳಿಸುವಂಥದ್ದು.

"ಸುತ್ತು ಎಲ್ಲಿ ಅದ ತಮ್ಮಾ?"

"ಬಿಚ್ಚಿಬಿಟ್ಟೀನ್ರಿ ಕಾಕಾ."

"ಆ ಸುತ್ತೇ ಕೀಲಿ ಇತ್ತು."

ಪೆಟ್ಟಿಗೆಯಲ್ಲಿದ್ದುದು ಕಸ್ತೂರಿಬಾಯಿಗೆ ತಂದೆ ಕೊಟ್ಟಿದ್ದ, ಲಿಂಗ ಇಡುವ ಬೆಳ್ಳಿ ಕರಡಿಗೆ. ರಜಾಕಾರರ ಗಲಾಟೆಯಲ್ಲಿ ಸೋಲಾಪುರಕ್ಕೆ ಹೊರಟಾಗ, ಕೊರಳಲ್ಲಿ ಬೆಳ್ಳಿ ಬೇಡವೆಂದು ಅದನ್ನು ಇಲ್ಲಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದರು. ಕೀಲಿ ತಂದು ತೆಗೆದವರಿಗೇ ಪೆಟ್ಟಿಗೆ ಎಂದು ಗುರುಲಿಂಗಪ್ಪ ವೈಜನಾಥನ ತಂದೆಗೆ ಮಾತು ಕೊಟ್ಟಿದ್ದರು. ಚಿಕ್ಕಪ್ಪ ಭುಜಂಗ ಬಂದು ಕೇಳಿದಾಗ ಕೀಲಿಯಿಲ್ಲವೆಂದು ಬರಿಗೈಯಲ್ಲಿ ಕಳಿಸಿದ್ದರು.

ನಿಮ್ಮೆದುರಿಗೇ ಬೀಗ ಕೊಯ್ಯುತ್ತೇನೆ ಎಂದು ವೈಜನಾಥ ಬೇಡಿಕೊಂಡ.

"ಕೊಯ್ಯೋದಾದ್ರ ಭುಜಂಗನೂ ಕೊಯ್ತಿದ್ದ. ಅವಗ ಒಂದು, ನಿನಗ ಒಂದು ಹೆಂಗ ಮಾಡ್ಲಿ? ನಿಮ್ಮವ್ವನ್ನ ಕರಕೊಂಡು ಬಾ, ಆಕಿ ಕೈಯಾಗ ಕೊಡ್ತೀನಿ."

ಅವ್ವ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದ. ತಾವೂ ಹೊಸ್ತಿಲು ದಾಟುವ ಸ್ಥಿತಿಯಲ್ಲಿಲ್ಲ ಎಂದರು ಗುರುಲಿಂಗಪ್ಪ.

ಹೊಸ ತಂತಿ ಸುತ್ತಲು ತ್ಯಾಗರಾಜ ಸಿದ್ಧನಿದ್ದ. ಎಷ್ಟು ಸುತ್ತು, ಎಷ್ಟು ಅಂತರ, ಎಡಕ್ಕೋ ಬಲಕ್ಕೋ, ಇಬ್ಬರಿಗೂ ನೆನಪಿರಲಿಲ್ಲ. ಬಿಡಿಸಿದ ತಂತಿ ಕಸದ ಜೊತೆ ಹೋಗಿತ್ತು. ರಜೆ ಸಿಕ್ಕಾಗಲೆಲ್ಲ ಒಂದೊಂದು ಅಂದಾಜಿನ ಕೀಲಿ ಹಿಡಿದು ವೈಜನಾಥ ಔರಂಗಾಬಾದಿಗೆ ಹೋದ. ಕೊನೆಯದು ಅರ್ಧ ತಿರುಗಿ, ಬೀಗದೊಳಗೇ ಮುರಿದು ಉಳಿಯಿತು.

ಗುರುಲಿಂಗಪ್ಪ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಊಟ ಮಾಡಿಕೊಂಡು ಹೋಗು ಎಂದರು.