ಸೀರೆ ಕೂತ ಕಾರು

ಸುಶೀಲ ಕಾರಿನ ಇಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ಹೋಗಿ ಹಿಂದಿನ ಬಾಗಿಲು ತೆಗೆದು, ಸೀಟಿನ ಚರ್ಮದ ಮೇಲೆ ಅಂಗೈ ಊರಿ ಒತ್ತಿದಳು. ಇಷ್ಟು ವರ್ಷವಾದರೂ ಒಂದು ಸುಕ್ಕಿಲ್ಲ. ಅವಳ ಗಂಡ ಅಂಗಪ್ಪನ್ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ತೊಟ್ಟಿಕ್ಕಿದ್ದ ಎಣ್ಣೆಯನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದ.

"ಎಣ್ಣೆ ಸೋರ್ತದೆ ಸುಶೀಲಾ. ಈ ವಂಡಿ ನಮಗ್ಯಾಕೆ? ಆನೆ ಸಾಕ್ದಂಗೆ. ನೂಲು ಏರ್ಸಕ್ಕೆ ಒಂದು ವ್ಯಾನು ತಕ್ಕೊಳ್ಳೋಣ."

"ನೂಲು ಇದ್ರಲ್ಲೇ ಏರಿಸ್ತೀನಿ ಮಾಮಾ," ಎಂದಳು ಆಕೆ ಗಂಡನಿಗೆ. "ಇದೇ ಸೀಟಿನ್ ಮೇಲೆ. ದಿನಾ ಇದೇ ಬೀದೀಲಿ."

ಅಂಗಪ್ಪನ್ ಎಣ್ಣೆಯ ಬೆರಳನ್ನು ಪಂಚೆಗೆ ಒರೆಸಿಕೊಂಡ. ಹೆಂಡತಿ ಹಠಕ್ಕೆ ಬಿದ್ದಾಗ ಸೋಲುವುದರಲ್ಲಿ ಅವನು ಪಳಗಿದ ಕೈ.

ಕಾರು ಅವಳ ಹಳೆಯ ಧಣಿ, ಮುದಲಾಳಿ ಗೋವಿಂದಸಾಮಿಯದು. ಸಿರುಮುಗೈಯಲ್ಲಿ ಒಂದು ಕಾಲಕ್ಕೆ ಬೀದಿಗಟ್ಟಲೆ ಮಗ್ಗಗಳು ಅವನ ರೇಷ್ಮೆಯನ್ನೇ ನೇಯುತ್ತಿದ್ದವು, ಸುಶೀಲಳ ಮಗ್ಗವೂ. ಈಗ ಅವನ ವ್ಯಾಪಾರ ಮುಗ್ಗರಿಸಿತ್ತು. ಸುಶೀಲ ಮಾತ್ರ ಫೋನಿನ ಮುಂದೆ ಸೀರೆ ಬಿಡಿಸಿ ತೋರಿಸಿ ಮಾರುತ್ತ ಸ್ವಂತ ಅಂಗಡಿಯನ್ನೇ ಇಟ್ಟಿದ್ದಳು. ಮುದಲಾಳಿಯ ಕಾರು ಮಾರಾಟಕ್ಕಿದೆ ಎಂದು ಕಿವಿಗೆ ಬಿದ್ದ ದಿನ ಅವಳು ಎರಡು ತುತ್ತು ಹೆಚ್ಚಿಗೆ ಉಂಡಿದ್ದಳು.

ಅವರ ಬೀದಿಯಲ್ಲಿ ಒಂದು ಪದ್ಧತಿಯಿದೆ. ಮದುವೆಯ ಕೂರೈ ಸೀರೆಯನ್ನು ನೇಯ್ದವರೇ ತಂದು ಹೆಣ್ಣಿನ ಕೈಗೆ ಕೊಡಬೇಕು. ಹೆಣ್ಣು ಅವರ ಕಾಲಿಗೆ ಬಿದ್ದ ಮೇಲೆಯೇ ಅದನ್ನು ಉಡಬೇಕು. ಗೋವಿಂದಸಾಮಿಯ ಮಗಳು ಜಯಪ್ರಿಯಾಳ ಕೂರೈಯನ್ನು ನೇಯ್ದವಳು ಸುಶೀಲ. ಹೆಣ್ಣುಮಕ್ಕಳಿಲ್ಲದ ಅವಳು ಅದನ್ನು ತನ್ನ ಮಗಳಿಗೇ ಎಂಬಂತೆ ನೇಯ್ದಿದ್ದಳು. ಮದುವೆಯ ದಿನ ಬೆಳಿಗ್ಗೆ ತಲೆತುಂಬ ಮಲ್ಲಿಗೆ ಮುಡಿದು, ಕೊಯಮತ್ತೂರಿನ ಮಂಟಪಕ್ಕೆ ಹೊರಡಲೆಂದು ಇದೇ ಬಾಗಿಲಿಗೆ ಕೈಹಾಕಿದಾಗ ಗೋವಿಂದಸಾಮಿ ತಡೆದಿದ್ದ. ಜರಿ ಮಡಿಕೆ ಬೀಳಬಾರದು, ಸೀರೆ ಸೀಟಿನ ಉದ್ದಕ್ಕೂ ಮಲಗಬೇಕು, ನೀನು ಬಸ್ಸಲ್ಲಿ ಬಾ ಎಂದಿದ್ದ. ಮುಂದಿನ ಸೀಟು ಖಾಲಿಯೇ ಇತ್ತು.

ಬಸ್ಸು ಮೆಟ್ಟುಪಾಳ್ಯಂ ದಾಟಿ, ನಿಂತ ಕಡೆಯೆಲ್ಲ ನಿಂತು ಕೊಯಮತ್ತೂರು ಸೇರುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ತಾನು ನೇಯ್ದದ್ದನ್ನು ಉಟ್ಟು ಕೂತ ಹುಡುಗಿಯನ್ನು ಮಂಟಪದ ಬಾಗಿಲಿಂದಲೇ ನೋಡಿ ಸುಶೀಲ ತಿರುಗಿ ಬಂದಳು. ಮುದಲಾಳಿ ಕರೆದರೂ ಹೋಗದಷ್ಟು ಕೊಬ್ಬು ಇವಳಿಗೆ ಎಂದು ಬೀದಿಯ ಜನ ಬಹಳ ದಿನ ಆಡಿಕೊಂಡರು.

ಗೋವಿಂದಸಾಮಿ ಕೀ ಹಿಡಿದು ಹೊರಗೆ ಬಂದ. ಹೊಟ್ಟೆ ಕರಗಿತ್ತು, ಗತ್ತು ಕರಗಿರಲಿಲ್ಲ.

"ನೋಡ್ದ್ಯಾ? ರಾಜಾ ಇದ್ದಂಗಿದೆ ವಂಡಿ. ನಿನ್ ಕೈಗೆ ಹೋಗ್ತದೆ ಅಂತ ನಾನ್ ನೆನ್ಸೇ ಇರ್ಲಿಲ್ಲ."

"ನಾನ್ ನೆನ್ಸಿದ್ದೆ ಅಣ್ಣಾ."

ಅವಳು ನೆನೆಸಿಕೊಂಡದ್ದು ಅಷ್ಟಿಷ್ಟಲ್ಲ. ಈ ಸೀಟಿನ ಮೇಲೆ ಬಣ್ಣ ಸೋರುವ ಒದ್ದೆ ನೂಲಿನ ಕಟ್ಟು, ಅದರ ಪಕ್ಕ ಗಂಜಿಯ ಬಕೆಟ್ಟು, ಸಂತೆಯ ದಿನ ಕೋಳಿ ಬುಟ್ಟಿ. ಇವನ ಮನೆಯ ಮುಂದೆಯೇ ನಿಲ್ಲಿಸಿ, ಇವನು ಹೊರಗೆ ಬರುವ ತನಕ ಹಾರ್ನ್ ಹೊಡೆಸಬೇಕು. ಸುಶೀಲ ದೇವರಿಗೆ ಹೆದರುವ ಹೆಂಗಸೇ. ಆದರೆ ಈ ವಿಷಯದಲ್ಲಿ ದೇವರನ್ನು ಕೇಳುವ ಗೋಜಿಗೆ ಹೋಗಿರಲಿಲ್ಲ.

ಅಷ್ಟರಲ್ಲಿ ತಟ್ಟೆಯಲ್ಲಿ ಕಾಫಿ ಇಟ್ಟುಕೊಂಡು ಜಯಪ್ರಿಯಾ ಬಂದಳು. ತವರಿಗೆ ಬಂದಿದ್ದಳು. ಸುಶೀಲಳನ್ನು ಕಂಡು ಅವಳ ಮುಖ ಅರಳಿತು.

"ಅಕ್ಕಾ, ನನ್ ಕೂರೈ ನೇಯ್ದೋರು ನೀವೇ ಅಲ್ವಾ? ಆವತ್ತು ಅಮ್ಮ ನಿಮಗೆ ವೆತ್ತಲೆ ಅಡಿಕೆ ತಟ್ಟೆ ಎತ್ತಿಟ್ಟು ಎಷ್ಟೊತ್ತು ಕಾದ್ಳು ಗೊತ್ತಾ? ನೀವು ಬರೋದೇ ಇಲ್ಲ ಅಂದ್ಬಿಟ್ರಿ ಅಂತ ಅಪ್ಪ ಬಂದು ಹೇಳ್ದ. ನಾನೇನ್ ತಪ್ಪು ಮಾಡ್ದೆ ಅಂತ ಅಳೂನೇ ಬಂತಕ್ಕಾ."

ಸುಶೀಲ ಸೀಟಿನಿಂದ ಕೈ ತೆಗೆದಳು. ಬೀದಿಯ ಬಾಯಿಗೆ ಆ ಮಾತು ಎಲ್ಲಿಂದ ಬಂದಿತ್ತೆಂದು ಈಗ ಗೊತ್ತಾಯಿತು. ಕಾಫಿ ಲೋಟ ಎತ್ತಿ ಗೋವಿಂದಸಾಮಿಯ ಮುಖಕ್ಕೆ ಎರಚಬೇಕೆನಿಸಿತು. ತಿರುಗಿ ನೋಡಿದರೆ ಅವನು ಬಿಳಿಚಿಕೊಂಡಿದ್ದ. ಕಾರು ಮಾರುವಾಗ ಇಲ್ಲದ ಹೆದರಿಕೆ ಅವನ ಮುಖದಲ್ಲಿತ್ತು, ಕಣ್ಣು ಮಗಳ ಮೇಲಿತ್ತು.

"ಬಾ ಸುಶೀಲಾ, ಒಂದು ಸುತ್ತು ಹೋಗ್ಬರೋಣ," ಎಂದು ಅವನು ಅವಸರದಿಂದ ಮುಂದಿನ ಬಾಗಿಲು ತೆಗೆದ. "ಮುಂದೇನೇ ಕೂತ್ಕೋ."

"ವಂಡಿ ಇರ್ಲಿ ಅಣ್ಣಾ. ಆವತ್ತು ನಾನ್ ಹೆಣ್ಣಿನ್ ಕೈಗೆ ಸೀರೆ ಕೊಡಕ್ಕೆ ಯಾಕೆ ಬರ್ಲಿಲ್ಲ, ಅದ್ನ ಹೇಳಿ."

"ಅದೆಲ್ಲ ಹಳೇ ಕತೆ..."

"ಹಳೇ ವಂಡಿ ಮಾರಕ್ಕೆ ಆಗ್ತದೆ, ಹಳೇ ಕತೆ ಹೇಳಕ್ಕೆ ಆಗಲ್ವಾ? ನಾನ್ ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ನಿಮ್ ಬಾಯಿಂದ್ಲೇ ಬರ್ಲಿ. ಮಗಳು ಕೇಳ್ಲಿ."

ಅಂಗಪ್ಪನ್ ಹತ್ತಿರ ಬಂದು, "ಬಿಡು, ಹೋಗೋಣ. ಕಾರು ಬೇಕಾ ಬೇಡ್ವಾ?" ಎಂದು ಪಿಸುಗುಟ್ಟಿದ.

"ಬೇಡ. ವ್ಯಾನೇ ತಕ್ಕೊಳ್ಳೋಣ ಮಾಮಾ. ಹೋಗಕ್ಕೆ ಏನವಸರ?"

ಅವಳು ಯಾರೂ ಕರೆಯದಿದ್ದರೂ ಜಗಲಿಯ ಮೇಲೆ ಹೋಗಿ ಕೂತಳು. ಜಯಪ್ರಿಯಾಳ ತಟ್ಟೆಯಿಂದ ಲೋಟ ತೆಗೆದುಕೊಂಡು, ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯತೊಡಗಿದಳು.

"ಅಪ್ಪಾ?" ಎಂದಳು ಜಯಪ್ರಿಯಾ.

ಗೋವಿಂದಸಾಮಿ ಹೆಗಲ ಮೇಲಿನ ಟವೆಲ್ಲು ತೆಗೆದು ಬಾನೆಟ್ಟನ್ನು ಒರೆಸಲು ಶುರುಮಾಡಿದ. ಅಲ್ಲಿ ಧೂಳೇನೂ ಇರಲಿಲ್ಲ. ಒರೆಸಿದ ಕಡೆಯೇ ಮತ್ತೆ ಒರೆಸಿದ. ತಟ್ಟೆ ಹಿಡಿದ ಮಗಳು, ಅವನು ಯಾವಾಗ ತಲೆ ಎತ್ತುತ್ತಾನೋ ಎಂದು ಅಲ್ಲೇ ನಿಂತಿದ್ದಳು.