ಬಾಗಿಲ ಸಂದಿಯ ಚಪ್ಪಲಿ

ತರಬೇತಿ ಕೋಣೆಯ ಪರದೆಯ ಮೇಲೆ ನೀಲಿ ಚಪ್ಪಲಿ ಅಂತ ಬಂತು, ಯಾರದ್ದೋ ಇರಬೇಕು, ಜಗತ್ತಿನಲ್ಲಿ ನೀಲಿ ಚಪ್ಪಲಿಗೆ ಬರವೇ, ಆದರೆ ಮುಂದಿನ ಸಾಲು — ಒಳಗೆ ಬಂದವನಿಗೆ ಚಿಲಕ ಹಾಕಲು ಆಗಬಾರದು ಅಂತ ಒಂಬತ್ತು ವರ್ಷದ ಹುಡುಗಿ ತನ್ನ ಎಡಗಾಲಿನ ಚಪ್ಪಲಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮಲಗುತ್ತಿದ್ದಳು — ಅಯ್ಯೋ, ಅದು ನಾನು. ಹೆಸರು ಬದಲಿಸಿದ್ದಾರೆ, ಎಂಟನ್ನು ಒಂಬತ್ತು ಮಾಡಿದ್ದಾರೆ, ಚಿಕ್ಕಪ್ಪನನ್ನು ಪಕ್ಕದ ಮನೆಯವನಾಗಿಸಿದ್ದಾರೆ, ದೊಡ್ಡ ಉಪಕಾರ, ಚಪ್ಪಲಿಯನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ, ಪಾಠಕ್ಕೆ ಅದೇ ತಾನೇ ಚೆನ್ನಾಗಿರೋದು. ತರಬೇತಿ ಕೊಡುವ ಮೇಡಂ ಕೇಳುತ್ತಾರೆ, ನೊಂದವರ ಜೊತೆ ಕೆಲಸ ಮಾಡುವವರ ಮೊದಲ ನಿಯಮ ಏನು, ನಾವು ಮೂವತ್ತು ಜನ ಕಾರ್ಯಕರ್ತೆಯರು ಶಾಲೆ ಮಕ್ಕಳ ಹಾಗೆ, ಕೇಳದೆ ಮುಟ್ಟಬಾರದು, ಕೇಳದೆ ಅವರ ಕಥೆ ಇನ್ನೊಬ್ಬರಿಗೆ ಹೇಳಬಾರದು, ನಾನೂ ಹೇಳಿದೆ, ಬಾಯಿ ತಾನಾಗೇ ಹೇಳಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಿದ್ದಳು ಅಜ್ಜಿ, ಬೇಲಿ ಇಷ್ಟು ಮೆತ್ತಗೆ ಮಾತಾಡುತ್ತೆ ಅಂತ ಅವಳಿಗೂ ಗೊತ್ತಿರಲಿಲ್ಲ. ಅಮ್ಮನಿಗೂ ಹೇಳದ್ದು, ಹೋದ ವರ್ಷ ಇದೇ ಮೇಡಂ ಕೋಣೆಯಲ್ಲಿ, ಟೀ ಆರಿ ಕೆನೆಗಟ್ಟುವವರೆಗೆ ಹೇಳಿದ್ದೆ, ಇದು ಈ ನಾಲ್ಕು ಗೋಡೆ ಬಿಟ್ಟು ಹೋಗಲ್ಲ ಕಣಮ್ಮ, ನನ್ನ ಮಗಳ ಹಾಗೆ ನೀನು — ಕೈ ಹಿಡಿಯಲಾ ಅಂತ ಕೇಳಿಯೇ ಹಿಡಿದಿದ್ದರು, ಬೆಚ್ಚಗಿತ್ತು, ಅದೇ ಕೈಯಲ್ಲಿ ಈಗ ರಿಮೋಟು.

ಬಾಗಿಲ ಬಳಿ ನನ್ನ ಪಕ್ಕ ಕೂತ ಕನ್ನಡಕದವಳು, ಪಾಪ ಅಲ್ವಾ, ಇಂಥ ಮಗು ದೊಡ್ಡದಾದ್ಮೇಲೆ ನೆಟ್ಟಗಿರುತ್ತೆ ಅಂತೀರಾ, ಬಿಸ್ಕತ್ತು ಕೊಡುತ್ತಾಳೆ, ತಿನ್ನುತ್ತೇನೆ, ನೆಟ್ಟಗೇ ತಿನ್ನುತ್ತೇನೆ. ಈಗ ಅಭಿನಯವಂತೆ, ಒಬ್ಬರು ಕಾರ್ಯಕರ್ತೆ, ಒಬ್ಬರು ಮಗು, ಮೇಡಂ ಕಣ್ಣು ಕೋಣೆಯೆಲ್ಲ ಸುತ್ತಿ ನನ್ನ ಮೇಲೆ ನಿಂತಿತು, ಬಾಮ್ಮ, ಮಗು ನೀನಾಗು, ನಿನಗೆ ಚೆನ್ನಾಗಿ ಬರುತ್ತೆ — ಈ ಕಥೆ ಯಾರಿಂದ ಕೇಳಿದ್ದು ಅನ್ನೋದನ್ನೇ ಮರೆತಿದ್ದಾರಾ, ಇಲ್ಲ ನೆನಪಿದೆಯಾ, ಯಾವುದು ಹೆಚ್ಚು ಉರಿಯುತ್ತೆ, ಮೋಸ ಮಾಡಿದಿರಿ ಮೇಡಂ ಅನ್ನಬೇಕು, ಅಂದರೆ ಎಲ್ಲರಿಗೂ ಗೊತ್ತಾಗುತ್ತೆ, ಅನ್ನದಿದ್ದರೆ ಮುಂದಿನ ತಂಡಕ್ಕೂ ಇದೇ ಪಾಠ. ಎದ್ದೆ. ಹೊರಗೆ ಏನೋ ಗಲಾಟೆ, ಆ ಬಾಗಿಲು ಹಾಕ್ರಮ್ಮ ಯಾರಾದ್ರೂ ಅಂದರು ಮೇಡಂ, ಕನ್ನಡಕದವಳು ತಳ್ಳುತ್ತಾಳೆ, ಬಾಗಿಲು ಬರುತ್ತಿದೆ, ನನ್ನ ಎಡಗಾಲು ನನ್ನನ್ನು ಕೇಳಲೇ ಇಲ್ಲ, ಅಂಗಾಲಿಗೆ ನೆಲ ತಣ್ಣಗೆ, ಬಾಗಿಲು ತಡೆದು ನಿಂತಿದೆ, ಎಲ್ಲರೂ ಅಲ್ಲೇ ನೋಡುತ್ತಿದ್ದಾರೆ, ಮೇಡಂ ಕೂಡ, ರಿಮೋಟು ಹಿಡಿದ ಕೈ ಅರ್ಧಕ್ಕೆ ನಿಂತು — ಸಂದಿಯಲ್ಲಿ ಚಪ್ಪಲಿ, ಎಡಗಾಲಿನದು, ಇವತ್ತಿನದು ಕಪ್ಪು, ಆದರೂ ನೀಲಿ, ನೀಲಿ ಚಪ್ಪಲಿ.